ಪರವಾನಗಿಗೊಂದು ಸ್ವಚ್ಛ ಹೆಸರು

ಮಾಂಗಾಹೀನಾ ಕಣಿವೆ,
ನ್ಯೂಜಿಲೆಂಡ್
ಜೂನ್ ೧೪

ಮಗಳೇ ಕಹು,

ನಿನಗೆ ಬೇಕಾದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಕೆಲಸ ಬಿಟ್ಟು ಬರಬೇಕಾಗಿಲ್ಲ. ಬ್ರಿಸ್ಬೇನ್ ಬಂದರಿನ ಆ ಕ್ರೇನನ್ನು ನೆಮ್ಮದಿಯಾಗಿ ಓಡಿಸಿಕೊಂಡಿರು. ಪರವಾನಗಿ ನಿನ್ನೆ ಬಂತು, ನಿನ್ನ ಹೆಸರಿಲ್ಲದೆಯೇ ಬಂತು.

ತಾಮತಿ ಮಾವ ಫೋನ್ ಮಾಡಿ ನಿನ್ನನ್ನು ಹೆದರಿಸಿದ್ದು ನನಗೆ ಗೊತ್ತು. ಅವನನ್ನೂ ಬೈಯುವಂತಿಲ್ಲ. ಮರದ ಮಿಲ್ಲು ಮುಚ್ಚಿದ ಮೇಲೆ ಇಲ್ಲಿ ಸಂಬಳ ಸಿಗುವುದು ಶಾಲೆಯಲ್ಲಿ ಮತ್ತು ಅಂಗಡಿಯಲ್ಲಿ ಮಾತ್ರ. ಔಷಧಕ್ಕೆ ಗಾಂಜಾ ಬೆಳೆಯಬಹುದು ಎಂದು ಸರ್ಕಾರ ಹೇಳಿದಾಗ ಕಣಿವೆಯೆಲ್ಲ ನಕ್ಕಿತು. ನಮಗೆ ಅದಕ್ಕಿಂತ ಚೆನ್ನಾಗಿ ಬರುವ ಕೆಲಸ ಯಾವುದಿದೆ? ಆಮೇಲೆ ನಿಯಮ ಓದಿದೆವು. ಗಾಂಜಾ ಮೊಕದ್ದಮೆಯಲ್ಲಿ ಶಿಕ್ಷೆಯಾದವರು ತೋಟದಲ್ಲಿ ದುಡಿಯಬಹುದು, ಆದರೆ ಪರವಾನಗಿಯ ಹೊಣೆ ಹೊರುವಂತಿಲ್ಲ. ಹೊಣೆ ಹೊರುವವರು ಇಲ್ಲಿಯೇ ವಾಸವಿರಬೇಕೆಂದು ನಮ್ಮವರೇ ಇನ್ನೊಂದು ಷರತ್ತು ಸೇರಿಸಿದರು.

ಸಭಾಮನೆಯಲ್ಲಿ ಎಲ್ಲರೂ ಕೂತು ಹೆಸರು ಹುಡುಕಿದೆವು. ತಾಮತಿ ಆಗುವುದಿಲ್ಲ, ಹನ್ನೊಂದು ತಿಂಗಳು ಜೈಲಿನಲ್ಲಿದ್ದವನು. ನಾನೂ ಆಗುವುದಿಲ್ಲ. ಹಿತ್ತಲಿನ ಗಿಡಗಳು ನಿನ್ನಪ್ಪನವು, ಮನೆ ನನ್ನ ಹೆಸರಿನಲ್ಲಿತ್ತು, ಶಿಕ್ಷೆ ಇಬ್ಬರಿಗೂ ಒಂದೇ ದಿನ ಆಯಿತು. ಪಾದ್ರಿಗೆ ಮನಸ್ಸಿಲ್ಲ. ಮಿಕ್ಕವರು ತಮ್ಮ ಹೆಸರು ಬಂದಾಗಲೆಲ್ಲ ನೆಲ ನೋಡುತ್ತಿದ್ದರು.

ತಾಮತಿ ಎದ್ದು, "ಕಹೂನ ಕರೆಸೋಣ. ಅವಳಿಗೆ ಓವರ್‌ಸ್ಪೀಡಿನ ದಂಡ ಬಿಟ್ರೆ ಏನೂ ಇಲ್ಲ" ಎಂದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಿನ್ನಪ್ಪ ತೀರಿಕೊಂಡ ಮೇಲೆ ಖಾಲಿಯಾದ ಮನೆ ನೀನು ಬಂದರೆ ತುಂಬುತ್ತದೆ ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಬೇಸರದಿಂದ ಬಂದ ಮಗಳನ್ನು ದಿನಾ ಎದುರಿಗೆ ಕೂರಿಸಿಕೊಂಡು ಉಣ್ಣುವುದು ಹೇಗೆ?

ಆಗ ಮೆರೇ ಅತ್ತೆ ಮೂಲೆಯಿಂದ ಬಾಯಿ ಬಿಟ್ಟಳು. "ಈ ಕಣಿವೇಲಿ ಒಬ್ಬ ಸ್ವಚ್ಛ ಮನುಷ್ಯ ಇದ್ದಾನಲ್ರೋ. ನಮ್ಮನ್ನೆಲ್ಲ ಕೊಳೆ ಮಾಡಿದೋನೇ ಅವನು."

ಲಾಫ್ಟಸ್. ಪ್ರತಿ ಬೇಸಿಗೆ ಹೆಲಿಕಾಪ್ಟರಿನಿಂದ ಇಳಿದು ನಮ್ಮ ಗಿಡ ಕಿತ್ತ ಕಾನ್‌ಸ್ಟೆಬಲ್. ನಿವೃತ್ತನಾದ ಮೇಲೂ ಊರು ಬಿಡದೆ ಸೇತುವೆ ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದಾನಲ್ಲ, ಅವನೇ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಾಮತಿ ಮಾತ್ರ ಹೊರಗೆ ನಡೆದ.

ಕೇಳಿ ಬರಲು ನನ್ನನ್ನು ಕಳಿಸಿದರು. ಹಿಂದೆ ನಾನೂ ನಿನ್ನಪ್ಪನೂ ಠಾಣೆಯಲ್ಲಿದ್ದಾಗ ನಮ್ಮ ಕೋಳಿಗಳಿಗೆ ಕಾಳು ಹಾಕಿದವನು ಅವನು, ಹಾಗಾಗಿ ನನ್ನ ಮಾತು ಕೇಳುತ್ತಾನೆ ಎಂದು ಅವರ ಲೆಕ್ಕ. ಅವನು ಚಹಾ ಕೊಟ್ಟ, ಕೊನೆಯವರೆಗೂ ಕೇಳಿಸಿಕೊಂಡ.

"ರೀಪೆಕಾ, ನಾನು ಹೊಣೆ ಹೊತ್ರೆ ಒಂದೇ ಒಂದು ಗಿಡ ಕಡಿಮೆಯಾದ್ರೂ ಬಿಡಲ್ಲ. ತಾಮತಿಯಾದ್ರೂ ಸರಿ, ನೀನಾದ್ರೂ ಸರಿ."

"ಮೊದಲೇನು ಬಿಟ್ಟಿದ್ಯಾ?" ಎಂದೆ.

ಅವನು ನಕ್ಕು, ತಾಮತಿಯನ್ನು ತಾನೇ ಕೇಳುವುದಾಗಿ ಹೇಳಿ ಕೋಟು ಹಾಕಿಕೊಂಡ. ರಿಪೇರಿಗೆ ಬಿದ್ದ ಹಳೆಯ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ತಾಮತಿ ಹೊರಗೇ ಬರಲಿಲ್ಲ. ನಾವು ಅವನ ಕಾಲುಗಳೊಂದಿಗೆ ಮಾತಾಡಿದೆವು.

"ಕೊನೇ ಸಲ ನೀನು ಕಿತ್ಯಲ್ಲ, ಕೊಯ್ಲಿಗೆ ವಾರ ಇತ್ತು ಕಣೋ," ಎಂದವು ಕಾಲುಗಳು.

"ಗೊತ್ತು. ಅಷ್ಟು ಚೆಂದದ ಬೆಳೆ ನಾನು ಇನ್ನೆಲ್ಲೂ ನೋಡಿಲ್ಲ. ವಾಸನೆ ನನ್ನ ಕಾರಿಂದ ವರ್ಷವಾದ್ರೂ ಹೋಗ್ಲಿಲ್ಲ. ಮೇಲಧಿಕಾರಿ ನನ್ನನ್ನೇ ಅನುಮಾನದಿಂದ ನೋಡ್ತಿದ್ದ."

ಆಮೇಲೆ ಕೈಯೊಂದು ಹೊರಬಂತು. "ಆ ಹನ್ನೆರಡರ ಸ್ಪ್ಯಾನರ್ ಕೊಡು. ನಿಂತುಕೊಂಡು ಏನು ಮಾಡ್ತೀಯ?" ಲಾಫ್ಟಸ್ ಕೊಟ್ಟ. ಅಷ್ಟೇ ಒಪ್ಪಂದ. ಕ್ಷಮೆಯ ಮಾತು ಇಬ್ಬರೂ ಎತ್ತಲಿಲ್ಲ, ನಾನೂ ಎತ್ತಿಸಲಿಲ್ಲ.

ಕಳೆದ ತಿಂಗಳು ವೆಲ್ಲಿಂಗ್ಟನ್ನಿನಿಂದ ತಪಾಸಣೆಯವರು ಬಂದರು. ಬೇಲಿ, ಬೀಗ, ಕ್ಯಾಮೆರಾ ಎಲ್ಲ ನೋಡಿದರು. ಈ ಗಿಡದ ಬಗ್ಗೆ ನಿಮ್ಮ ಅನುಭವವೇನು ಎಂದು ಲಾಫ್ಟಸನನ್ನು ಕೇಳಿದರು. "ಕೀಳೋದ್ರಲ್ಲಿ ಮೂವತ್ತು ವರ್ಷ," ಎಂದ. ಬೆಳೆಸುವುದರಲ್ಲಿ ಎಂದು ಕೇಳಿದ್ದಕ್ಕೆ ತಾಮತಿಯ ಕಡೆ ಕೈ ತೋರಿಸಿದ. "ಅದಕ್ಕೆ ಇವನಿದ್ದಾನೆ. ಇವನ ಕೈಗುಣಕ್ಕೆ ನ್ಯಾಯಾಲಯದಲ್ಲಿ ನಾನೇ ಸಾಕ್ಷಿ ಹೇಳಿದ್ದೀನಿ." ತಪಾಸಣೆಯ ಹೆಂಗಸು ಪೆನ್ನು ಕೆಳಗಿಟ್ಟು ನಕ್ಕಳು. ಆಗಲೇ ನನ್ನ ಎದೆಯ ಭಾರ ಅರ್ಧ ಇಳಿಯಿತು. ಉಳಿದರ್ಧ ನಿನ್ನೆ ಇಳಿಯಿತು.

ಸೋಮವಾರದಿಂದ ಹದಿನಾಲ್ಕು ಜನಕ್ಕೆ ಕೆಲಸ. ತಾಮತಿ ಹೊಸ ಬೂಟು ಕೊಂಡಿದ್ದಾನೆ. ಗೇಟಿನಲ್ಲಿ ಲಾಫ್ಟಸ್ ದಿನಾ ಅವನ ಚೀಲ ತಪಾಸಣೆ ಮಾಡಬೇಕಂತೆ, ಅದಕ್ಕೆ ಈಗಲೇ ಗೊಣಗುತ್ತಿದ್ದಾನೆ. ಆ ಗೊಣಗಾಟ ಕೇಳಲು ನನಗೆ ಹಿತವಾಗಿದೆ.

ನೀನು ಅಲ್ಲೇ ಸುಖವಾಗಿರು. ಯಾವ ನಿಯಮವೂ ಇನ್ನು ನಿನ್ನನ್ನು ಕರೆಯುವುದಿಲ್ಲ. ರಜೆ ಸಿಕ್ಕಾಗ ಬಾ, ಹಂದಿ ಮೂಳೆ ಬೇಯಿಸಿಡುತ್ತೇನೆ.

ನಿನ್ನ ಅಮ್ಮ,
ರೀಪೆಕಾ

ಮರೆತಿದ್ದೆ: ಪರವಾನಗಿಯ ಹೊಣೆ ಹೊತ್ತವನು ಶಿಕ್ಷೆಯಾದ ಹೆಂಗಸನ್ನು ಮದುವೆಯಾದರೆ ತೊಂದರೆಯಿದೆಯೇ ಎಂದು ಲಾಫ್ಟಸ್ ವೆಲ್ಲಿಂಗ್ಟನ್ನಿಗೆ ಫೋನ್ ಮಾಡಿ ಕೇಳಿದನಂತೆ. ಅಂಥ ಅಡ್ಡಿ ಏನಿಲ್ಲ ಎಂದರಂತೆ. ಅದು ಖಾತ್ರಿಯಾದ ಮೇಲೆಯೇ ನನ್ನನ್ನು ಕೇಳಿದ, ಪೊಲೀಸನ ಬುದ್ಧಿ. ಹೂಂ ಎಂದಿದ್ದೇನೆ. ತಾಮತಿಗೆ ನೀನೇ ಫೋನ್ ಮಾಡಿ ಹೇಳು, ನನಗೆ ಧೈರ್ಯವಿಲ್ಲ.