ನಿಮ್ಮ ಗ್ರೀನ್ ಸಿದ್ಧವಾಗಿದೆ

ಮಾಲೂರು
೧೩ ಅಕ್ಟೋಬರ್ ೨೦೨೫, ಸೋಮವಾರ

ನನ್ನ ಮನೆಯವರಿಗೆ,

ಸುನಂದಳ ನಮಸ್ಕಾರಗಳು. ಫೋನಿನಲ್ಲಿ ನನ್ನ ದನಿ ಕೇಳಿದರೆ ನಿಮಗೆ ಬಿ.ಪಿ. ಏರುತ್ತದೆ ಎಂದು ನಿಮ್ಮಣ್ಣ ಭೀಮರಾಜ್ ಬಾವ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗಂಗಾಲಕ್ಷ್ಮಿ ಅಕ್ಕ ನಿಮ್ಮ ಹಾಸಿಗೆ ಪಕ್ಕ ಕೂತು ಓದುತ್ತಾರೆ. ಅಕ್ಕಾ, ಒಂದು ಸಾಲನ್ನೂ ಬಿಡಬೇಡಿ. ಲಕ್ವ ಹೊಡೆದು ನಿಮ್ಮ ಮೈದುನನಿಗೆ ಮಾತು ಹೋಗಿದೆ, ಬಲಗೈ ಬಲಗಾಲು ಹೋಗಿವೆ. ಕಿವಿ ಮಾತ್ರ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ.

ಮೊದಲು ಒಳ್ಳೆಯ ಸುದ್ದಿ. ಹಿತ್ತಲಲ್ಲಿ ನಿಮ್ಮ ಪಟ್ಟಿಂಗ್ ಗ್ರೀನ್ ಸಿದ್ಧವಾಗಿದೆ. ಬೈರಕೂರಿನಲ್ಲಿರುವ ಅಕ್ಕನಿಗೆ ಇದು ಏನೆಂದು ಗೊತ್ತಿರಲಿಕ್ಕಿಲ್ಲ. ಗಾಲ್ಫ್ ಆಡುವವರು ಕೊನೆಯಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುತ್ತಾರಲ್ಲ, ಆ ನುಣ್ಣನೆಯ ಹುಲ್ಲಿನ ಜಾಗ. ಕ್ಲಬ್ಬಿನಲ್ಲಿ ಕಣ್ಣೆದುರೇ ಇದ್ದ ಕುಳಿಯನ್ನು ನೀವು ತಪ್ಪಿಸಿದ್ದಕ್ಕೆ ನಿಮ್ಮ ಫ್ಯಾಕ್ಟರಿಯ ಸಾಹೇಬರು ನಕ್ಕರಂತೆ. ಅಂದು ನೀವು ಊಟ ಮಾಡಲಿಲ್ಲ. ಮನೆಯಲ್ಲೇ ಒಂದು ಗ್ರೀನ್ ಮಾಡಿಸಿ, ಕಲಿತು, ಅವರನ್ನು ಕರೆದು ಗೆಲ್ಲುವುದು ಎಂದು ಗೋಡೆಗೆ ಹೇಳಿದಿರಿ.

ಹಿತ್ತಲಲ್ಲಿ ನನ್ನ ನರ್ಸರಿ ಇತ್ತು. ಮದುವೆಯಾಗಿ ಬಂದ ಮೇಲೆ ನಾನು ನಾನಾಗಿ ಕಟ್ಟಿದ್ದು ಅದೊಂದೇ. ಹಸಿರು ನೆರಳು ಪರದೆ, ಅದರ ಕೆಳಗೆ ಟ್ರೇ ಟ್ರೇ ಟೊಮೇಟೊ, ಬದನೆ, ಮೆಣಸಿನ ಸಸಿ. ಶ್ರೀನಿವಾಸಪುರದಲ್ಲಿ ನಮ್ಮ ಅಕ್ಕನ ಮಗಳು ಶಿವಾನಿಯ ಮದುವೆಗೆ ನಾನು ಹೋಗಿದ್ದಾಗ ನೀವು ಜೆಸಿಬಿ ತರಿಸಿದಿರಿ. ದಿನಾ ಸಂಜೆ ಫೋನ್ ಮಾಡಿ ಕೇಳುತ್ತಿದ್ದೆ. “ಸಸಿ ಚೆನ್ನಾಗಿದಾವೆ, ನಾನೇ ನೀರು ಹಾಕ್ತಿದೀನಿ, ನೀನು ಆರಾಮಾಗಿ ಬಾ” ಅಂದಿರಿ. ಬಂದು ನೋಡಿದರೆ ಎಲ್ಲವೂ ಕೆರೆ ಏರಿಯ ಹಿಂದೆ ಗುಡ್ಡೆ ಬಿದ್ದಿತ್ತು. ಕೆಲವು ಟ್ರೇಗಳಲ್ಲಿ ಎಲೆ ಇನ್ನೂ ಹಸಿರಾಗಿತ್ತು.

ಮರುದಿನ ಟೇಕಲ್ ಕಡೆಯ ಕೋದಂಡರಾಮಪ್ಪ ಸಸಿ ಒಯ್ಯಲು ಟೆಂಪೋ ಮಾಡಿಕೊಂಡು ಬಂದರು. “ನಾರು ಎಲ್ಲಮ್ಮಾ? ಹೊಲ ಹದ ಮಾಡಿ ಇಟ್ಟಿದೀನಲ್ಲ!” ಎಂದು ಜೆಸಿಬಿ ತೋಡಿದ ಗುಂಡಿ ನೋಡುತ್ತ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು, ನಿಮ್ಮ ತಂದೆಯ ವಯಸ್ಸಿನವರಿಗೆ, “ಇದು ಮ್ಯಾನೇಜರ್ ಮನೆ ಕಣಯ್ಯಾ, ಸಂತೆ ಅಲ್ಲ. ಬೇರೆ ಕಡೆ ನೋಡ್ಕೊ ಹೋಗು” ಅಂದಿರಿ. ನನ್ನ ಕಡೆ ತಿರುಗಿ, “ಮಣ್ಣು ಕೆದಕಿದ್ದು ಸಾಕು ಕಣೇ. ದೊಡ್ಡೋರು ಬಂದಾಗ ಟ್ರೇ ಹಿಡ್ಕೊಂಡು ಟೀ ಕೊಡೋದು ಕಲಿ. ನಿಂಗೆ ಟ್ರೇ ಅಂದ್ರೆ ಇಷ್ಟ ಅಲ್ವಾ?” ಎಂದು ನಕ್ಕಿರಿ. ಕೋದಂಡರಾಮಪ್ಪ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಗೇಟಿನ ಹೊರಗೆ ಒರೆಸಿಕೊಂಡು ಹೋದರು.

ಆಗಲೂ ನಾನು ನಿಮಗೆ ಒಳ್ಳೆಯದನ್ನೇ ಹೇಳಿದೆ. ನಮ್ಮ ಹಿತ್ತಲು ಕೆರೆಯ ಅಂಚು. ಮೇಲೆ ಒಂದು ಗೇಣು ಕೆಂಪು ಮಣ್ಣು, ಕೆಳಗೆ ಬರೀ ಜೇಡಿ. ಜೇಡಿ ನೀರು ಕುಡಿಯುವುದಿಲ್ಲ, ಮೊದಲು ನೀರು ಹೋಗಲು ದಾರಿ ಮಾಡಿ ಎಂದೆ. ಬದನೆ ಸಸಿಗೆ ಬುದ್ಧಿ ಹೇಳು ಅಂದಿರಿ. ಹಸಿ ಜೇಡಿಯ ಮೇಲೇ ರೋಲರ್ ಓಡಿಸಿದಿರಿ. ಒಣಗಿದಾಗ ಅದು ತಟ್ಟೆಯಂತೆ ಬಿಗಿದುಕೊಂಡಿತು. ಆಷಾಢದ ಮಳೆ ಬಂದು ಎಮ್ಮೆ ಮಲಗುವ ಹೊಂಡವಾಯಿತು. ಪಂಪು ಹಿಡಿದು ಅದರೊಳಗೆ ಇಳಿದಿರಿ, ಕೂಗಾಡಿದಿರಿ, ಕೂಗುತ್ತಲೇ ಬಲಕ್ಕೆ ವಾಲಿ ಬಿದ್ದಿರಿ. ಪಕ್ಕದ ಮನೆಯವರೂ ನಾನೂ ಸೇರಿ ಎಳೆದೆವು. ಜೇಡಿ ನಿಮ್ಮನ್ನು ಬೇಗ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ನಿಮ್ಮ ಕಿವಿಯಿಂದ ಮಣ್ಣು ತೆಗೆಯುತ್ತ, “ಇವ್ರು ಕುಂಬಾರ್ರಾ?” ಎಂದು ಕೇಳಿದಳು. ಮ್ಯಾನೇಜರ್ ಎಂದೆ.

ಆಸ್ಪತ್ರೆಯಿಂದ ಬಾವ ನಿಮ್ಮನ್ನು ಬೈರಕೂರಿಗೆ ಕರೆದುಕೊಂಡು ಹೋದ ಮೇಲೆ ಗುಂಡಿ ಮುಚ್ಚಿಸಿ ಮತ್ತೆ ಸಸಿ ಹಾಕು ಎಂದು ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ. ಜೇಡಿ ಅರೆ ಒಣಗುವವರೆಗೂ ಕಾದೆ. ಬಿಗಿದ ಪದರವನ್ನು ಹಾರೆಯಿಂದ ಒಡೆಸಿ, ತಳವನ್ನು ಚರಂಡಿ ಕಡೆಗೆ ಇಳಿಜಾರು ಮಾಡಿಸಿದೆ. ಕಾಲುವೆ ತೆಗೆಸಿ, ತೂತು ಕೊರೆದ ಪೈಪು ಇಡಿಸಿ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ದಪ್ಪ ಮರಳು, ಎಲ್ಲದರ ಮೇಲೆ ಹುಲ್ಲು ಹಾಸಿಸಿದೆ. ಹುಲ್ಲಿನ ಬೇರು ಜೇಡಿಯನ್ನು ಮುಟ್ಟುವುದೇ ಇಲ್ಲ. ಹೋದ ವಾರದ ಮಳೆಗೆ ಒಂದು ಬೊಗಸೆ ನೀರೂ ನಿಲ್ಲಲಿಲ್ಲ. ನೀವು ಇದ್ದಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ನಿನ್ನೆ ನಿಮ್ಮ ಸಾಹೇಬರು ಬಂದಿದ್ದರು. ಜೊತೆಗೆ ಮುನೇಶ್, ನಿಮ್ಮ ಫೈಲು ಹೊತ್ತು ತಿರುಗುತ್ತಿದ್ದನಲ್ಲ, ಅವನೇ. ಈಗ ನಿಮ್ಮ ಕುರ್ಚಿಯಲ್ಲಿ ಕೂರುತ್ತಾನೆ. ಇಬ್ಬರೂ ಮಧ್ಯಾಹ್ನದವರೆಗೆ ಆಡಿದರು. ನಾನು ಟ್ರೇಯಲ್ಲಿ ಟೀ ಕೊಟ್ಟೆ, ಕಲಿತಿದ್ದೇನೆ. ಮುನೇಶನ ಕೈ ಅಲ್ಲಾಡುವುದೇ ಇಲ್ಲ ಎಂದು ಸಾಹೇಬರು ಮೆಚ್ಚಿಕೊಂಡರು. ನಿಮ್ಮ ಹೆಸರು ಬಂತು, ಒಂದು ಸಲ. “ಪಾಪ ಅಮರನಾಥ್” ಅಂದರು. ಆಮೇಲೆ ಬಿಸ್ಕತ್ತು ಕೇಳಿದರು. ಪ್ರತಿ ಭಾನುವಾರ ಬನ್ನಿ, ನಮ್ಮ ಮನೆಯವರಿಗೂ ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದು ಹೇಳಿ ಕಳಿಸಿದ್ದೇನೆ.

ಅವರು ಹೋದ ಮೇಲೆ ನಿಮ್ಮ ಕೋಲು ಹಿಡಿದು ನಾನೂ ಒಂದು ಚೆಂಡು ತಳ್ಳಿದೆ. ನೆಟ್ಟಗೆ ಹೋಗಿ ಕುಳಿಗೆ ಬಿತ್ತು. ಆ ಟಕ್ ಎಂಬ ಸದ್ದಿಗೆ ನನಗೆ ಯಾಕೋ ಅಳು ಬಂತು, ಹುಲ್ಲಿನ ಮೇಲೇ ಕೂತುಬಿಟ್ಟೆ. ಅಕ್ಕಾ, ಬೇಕಿದ್ದರೆ ಈ ಎರಡು ಸಾಲು ಮಾತ್ರ ಬಿಟ್ಟು ಓದಿ.

ನಿಮ್ಮ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದ್ದೇನೆ. ಕಿಟಕಿಯ ಪರದೆ ತೆಗೆಸಿದ್ದೇನೆ. ತಲೆದಿಂಬು ಎತ್ತರಿಸಿದರೆ ಕುಳಿ ನೇರವಾಗಿ ಕಾಣುತ್ತದೆ. ಆ ಮಂಚದ ಮೇಲೆ ನಾನೇ ಮಲಗಿ ನೋಡಿದೆ. ಕೋದಂಡರಾಮಪ್ಪ ತಮ್ಮ ಹೊಲದ ಮೂಲೆಯಲ್ಲಿ ನರ್ಸರಿಗೆ ಜಾಗ ಕೊಟ್ಟಿದ್ದಾರೆ. ಬೆಳಿಗ್ಗೆ ನಿಮಗೆ ಗಂಜಿ ಕುಡಿಸಿ ಹೊರಟರೆ ಕತ್ತಲಾಗುವಾಗ ಬರುತ್ತೇನೆ. ಮೈ ಒರೆಸಿ ಮಗ್ಗುಲು ಹೊರಳಿಸಲು ಒಬ್ಬರು ಬಂದು ಹೋಗುತ್ತಾರೆ. ಮಿಕ್ಕ ಹೊತ್ತಿಗೆ ನಿಮಗೆ ಗ್ರೀನ್ ಇದೆ.

ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದಾರೆ. ನೀವೂ ಹಾಗೇ ಅಂದುಕೊಳ್ಳಿ.

ನಿಮ್ಮ ಪಾದ ಸೇವಕಿ,
ಸುನಂದ

ಬರೆಯಲು ಮರೆತದ್ದು: ಈಗ ತಾನೇ ಬಾವ ಫೋನ್ ಮಾಡಿದ್ದರು. ಮಾಲೂರು ಅಂದರೆ ಸಾಕು, ನೀವು ಎಡಗೈಯಿಂದ ಮಂಚದ ಕಂಬಿ ಹಿಡಿದುಕೊಂಡು ಕಣ್ಣೀರು ಹಾಕುತ್ತೀರಂತೆ. “ಅವ್ನಿಗೆ ಬರೋಕೆ ಇಷ್ಟ ಇಲ್ವೇನೋಮ್ಮಾ, ಇಲ್ಲೇ ಇರ್ಲಿ ಬಿಡು, ನಾವು ನೋಡ್ಕೋತೀವಿ” ಅಂದರು. ಮನೆ ನೆನಪಾಗಿ ಅಳ್ತಾರೆ ಬಾವ, ನನಗೆ ಗೊತ್ತಿಲ್ಲವೇ ಅಂದೆ. ಶನಿವಾರ ಕಾರು ತರುತ್ತೇನೆ. ಆ ಬೆರಳುಗಳನ್ನು ಯಾರೂ ಮುಟ್ಟುವುದು ಬೇಡ. ನಾನೇ ಬಂದು ಒಂದೊಂದಾಗಿ ಬಿಡಿಸುತ್ತೇನೆ.