ಗಾಳಕ್ಕೆ ಹೋದ ಇಂಗು

ಓಲ್ಡ್ ಬ್ರಿಡ್ಜ್, ಜೂನ್ ೧೯೭೭

ಗಣಪತಿ,

ಸತ್ತು ಎರಡು ವರ್ಷವಾದರೂ ನನ್ನ ತಲೆ ತಿನ್ನುವುದನ್ನು ನೀನು ಬಿಟ್ಟಿಲ್ಲ ಮಾರಾಯ.

ಬೋಟ್ಸ್ವಾನಾದ ಕಾಡಿನಲ್ಲಿ ನಾವಿಬ್ಬರೂ ಜೀಪು, ಡೇರೆ ಕಟ್ಟಿಕೊಂಡು ಅಲೆದಾಗ, ಇದ್ದ ಇಂಗನ್ನೆಲ್ಲ ಹಿಟ್ಟಿಗೆ ಕಲಸಿ ಗಾಳಕ್ಕೆ ಸಿಕ್ಕಿಸಿದವನು ನೀನು. ಹಿಡಿದ ಮೀನನ್ನೆಲ್ಲ ನದಿಗೇ ಬಿಟ್ಟುಬಿಟ್ಟೆಯಲ್ಲ, ಯಾವ ಪುರುಷಾರ್ಥಕ್ಕೆ? ಆಮೇಲಿನ ಒಂಬತ್ತು ದಿನವೂ ಇಂಗಿಲ್ಲದ ಸಾರು. ಅದೇ ಸಿಟ್ಟಿಗೆ ನಿನ್ನೊಡನೆ ಮಾತು ಬಿಟ್ಟವನು ನಾನು.

ಇವತ್ತು ಮಗಳನ್ನು ಇಲ್ಲಿನ ಕೆರೆಗೆ ಮೀನು ಹಿಡಿಯಲು ಕರೆದೊಯ್ದೆ. ಎರಡು ಗಂಟೆ ಕೂತರೂ ಒಂದೂ ಕಚ್ಚಲಿಲ್ಲ. ರೇಗಿಹೋಗಿ, ಮನೆಗೆ ಬಂದು ಇಂಗು ಕಲಸಿದ ಹಿಟ್ಟು ಒಯ್ದೆ. ಐದೇ ನಿಮಿಷಕ್ಕೆ ಕಚ್ಚಿತು, ಥೂ!

ಸಂಜೆ ಹೆಂಡತಿ ಖಾಲಿ ಡಬ್ಬಿ ಹಿಡಿದು, "ಇಂಗೆಲ್ಲಾ ಯಾರ್ರೀ ಮುಗ್ಸಿದ್ದು?" ಎಂದಳು.

"ಇನ್ಯಾರು, ಆ ಗಣಪತಿ!" ಎಂದುಬಿಟ್ಟೆ.

ಅವಳು ಇಂಗಿಲ್ಲದ ಸಾರು ಬಡಿಸಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.