ಲೇಸ್ ಬಿಚ್ಚಿದ ಮೇಜಿನ ಬಟ್ಟೆ

ರೀ ಮಾಸ್ತರ್ರ,

ನಾನು ಶಹಾಬಜಾರದ ಹೊಲಿಗೆ ಅಂಗಡಿಗೆ ಹೊಂಟೀನಿ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ, ತಿಂದು ಹೋಗ್ರಿ. ನಿನ್ನೆ ಜಡತ್ವದ ಪಾಠದಾಗ ಗ್ಲಾಸಿನ ಕೆಳಗಿನ ಮೇಜಿನ ಬಟ್ಟೆ ಎಳೆಯಾಕ ಹೋಗಿ ಗ್ಲಾಸ್ ಒಡೆದ್ರಿ, ನಿಮ್ಮ ಕಮಲಾಪುರ ಸಾಲಿ ಹುಡುಗರು ನಕ್ಕರು. ಅದಕ್ಕ ರಾತ್ರಿ ಉಣ್ಣದ ಮಲಗಿದ್ರಿ, ಊಟದ ಮ್ಯಾಲ ಯಾಕ ಸಿಟ್ಟು?

ಇವತ್ತು ಮತ್ತ ಮಾಡಿ ತೋರಿಸ್ರಿ. ಸ್ಟೀಲ್ ಲೋಟ ಒಯ್ಯಿರಿ, ಅದರಾಗ ಅಕ್ಕಿ ತುಂಬ್ರಿ. ಅಂಜಿ ಮೆಲ್ಲಕ ಎಳೀಬ್ಯಾಡ್ರಿ. ದಿನಾ ಮುಂಜಾನೆ ನಾ ನಿಮ್ಮ ಚಾದರ ಜಗ್ಗಿದಂಗ ಒಮ್ಮೆಲೇ ಜಗ್ಗ್ರಿ. ಚಾದರ ನನ್ನ ಕೈಗೆ ಬರ್ತದ, ನೀವು ಇದ್ದಲ್ಲೇ ಇರ್ತೀರಿ!

ಗ್ಲಾಸ್ ಸಿಕ್ಕಿಕೊಂಡಿದ್ದು ಬಟ್ಟೆಯ ಅಂಚಿನ ಲೇಸಿಗೆ. ಮದುವಿಗಿಂತ ಮೊದಲು ನಾ ಹೆಣೆದದ್ದು. ಅದನ್ನ ಬಿಚ್ಚಿ, ಬಟ್ಟೆಗೆ ಇಸ್ತ್ರಿ ಮಾಡಿ ನಿಮ್ಮ ಚೀಲದಾಗ ಇಟ್ಟೀನಿ.

ಲೋಟ ನಿಂತರ ಕೆಂಪು ಬಾಳೆಹಣ್ಣು ತರ್ರಿ. ಬಿದ್ದರೂ ತರ್ರಿ, ಇಬ್ಬರೂ ಕೂತು ತಿನ್ನೋಣ.

ಅಂಬಿಕಾ